ಬಲಗಡೆಯ ಬಿಳಿ

ನಾನು ಒಂದು ಕಾರಿನ ಬಾನೆಟ್ಟು. ಕಾರು ಈಗಿಲ್ಲ. ಅದರ ಬಾಗಿಲು, ಚಕ್ರ, ಸೀಟುಗಳೆಲ್ಲ ಯಾರ್ಯಾರ ಪಾಲಾದವೋ ತಿಳಿಯದು. ನಾನೊಂದೇ ಉಳಿದುಕೊಂಡು, ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಕಾರು ತೊಳೆಯುವ ಅಂಗಡಿಯೊಂದರ ಅಂಗಳದಲ್ಲಿ ಎರಡು ಡ್ರಮ್ಮುಗಳ ಮೇಲೆ ಮಲಗಿದ್ದೇನೆ. ನನಗೆ ಸಿಟ್ಟು ಸ್ವಲ್ಪ ಜಾಸ್ತಿ. ಹನ್ನೊಂದು ವರ್ಷ ಕಾದ ಎಂಜಿನ್ನಿನ ಮೇಲೆ ಬೋರಲು ಬಿದ್ದುಕೊಂಡವರಿಗೆ ತಣ್ಣನೆಯ ಸ್ವಭಾವ ಎಲ್ಲಿಂದ ಬರಬೇಕು? ಆದರೆ ಈಗಿನ ನನ್ನ ಸಿಟ್ಟಿಗೆ ಎಂಜಿನ್ನು ಕಾರಣವಲ್ಲ. ಗೊತ್ತಿದ್ದದ್ದನ್ನು ಹೇಳುವುದಕ್ಕೆ ಬಾಯಿ ಇಲ್ಲದೆ ಹೋದದ್ದು ಕಾರಣ.

ನಾನು ಹುಟ್ಟಿದ್ದು ದೊಡ್ಡ ಕಾರ್ಖಾನೆಯೊಂದರಲ್ಲಿ. ಮೊದಲು ಬರೀ ತಗಡಾಗಿದ್ದೆ. ಒಂದು ಯಂತ್ರ ಒಂದೇ ಸಲ ಅದುಮಿತು, ಉಬ್ಬು ತಗ್ಗು ಎಲ್ಲ ಬಂತು. ಆಮೇಲೆ ಮೈ ತೊಳೆದರು, ತುಕ್ಕು ಹಿಡಿಯದ ಹಾಗೆ ತಳಬಣ್ಣ ಕೊಟ್ಟರು, ಅದರ ಮೇಲೆ ಬಿಳಿ ಬಣ್ಣ, ಅದರ ಮೇಲೆ ಗಾಜಿನಂಥ ಲ್ಯಾಕರ್. ಪ್ರತಿ ಪದರಕ್ಕೂ ಒಮ್ಮೆ ಒಲೆಯೊಳಗೆ ಇಟ್ಟು ಬೇಯಿಸಿದರು. ಆ ಬಣ್ಣಕ್ಕೆ ಉಗುರು ತಾಗಿಸಿದರೆ ಉಗುರೇ ಸವೆಯಬೇಕು, ಅಷ್ಟು ಗಟ್ಟಿ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದಿನ ರಾಮಾಯಣವೆಲ್ಲ ಈ ಬಣ್ಣದ್ದೇ ಆದ್ದರಿಂದ ಹೇಳುತ್ತಿದ್ದೇನೆ.

ನನ್ನ ಮೊದಲ ಯಜಮಾನರು ತಿಪಟೂರಿನ ಕಡೆಯ ದನದ ಡಾಕ್ಟರು, ರೇವಣಸಿದ್ದಪ್ಪ ಎಂದು. ಒಳ್ಳೆಯ ಮನುಷ್ಯ, ಆದರೆ ನನ್ನನ್ನು ಮೇಜು ಎಂದುಕೊಂಡಿದ್ದರು. ಹಳ್ಳಿಗೆ ಹೋದರೆ ಔಷಧಿ ಪೆಟ್ಟಿಗೆ ನನ್ನ ಮೇಲೆ, ಟೀ ಲೋಟ ನನ್ನ ಮೇಲೆ, ಚೀಟಿ ಬರೆಯುವುದೂ ನನ್ನ ಮೇಲೆ. ಬೆಳಿಗ್ಗೆ ಎದ್ದು ಒಣ ಬಟ್ಟೆಯಲ್ಲಿ ಪರಪರ ಉಜ್ಜುವರು. ರಾತ್ರಿಯ ಧೂಳೆಲ್ಲ ಆ ಬಟ್ಟೆಯಡಿ ಸಿಕ್ಕಿ ಮೈಯೆಲ್ಲ ಸಣ್ಣ ಸಣ್ಣ ಗೀರು. ಅವರಿಗೋ ಕಾರು ಶುಚಿಯಾಗಿಟ್ಟ ಸಮಾಧಾನ. ಒಂದು ಮಗ್ಗು ನೀರು ಹಾಕಿ ಒರೆಸಿ ಸ್ವಾಮಿ ಎಂದು ನಾನು ಒಳಗೊಳಗೇ ಕೂಗಿಕೊಳ್ಳುತ್ತಿದ್ದೆ.

ಅವರ ಮನೆಯ ಮುಂದೆ ಒಂದು ತೆಂಗಿನ ಮರ ಇತ್ತು. ನೆರಳಿಗೆಂದು ಕಾರನ್ನು ಅಲ್ಲೇ ನಿಲ್ಲಿಸುವರು. ಅವರ ಹೆಂಡತಿ ಶಾಂಭವಮ್ಮ ದಿನವೂ ಹೇಳುವರು, "ಅಲ್ಲಿ ನಿಲ್ಲಿಸ್ಬೇಡಿ ಅಂದ್ರೆ ಕೇಳಲ್ವಲ್ಲ, ಒಂದಿನ ಕಾಯಿ ಬಿದ್ದಾಗ ಗೊತ್ತಾಗುತ್ತೆ." ನಾಲ್ಕನೆಯ ವರ್ಷ ಒಂದು ಮಧ್ಯಾಹ್ನ ಕಾಯಿ ಬಿತ್ತು. ಡ್ರೈವರ್ ಕೂರುವ ಬದಿಗೆ, ಅಂದರೆ ನನ್ನ ಬಲಗಡೆಗೆ. ಒಂದು ಬೋಗುಣಿ ಇಡುವಷ್ಟು ಗುಣಿ ಬಿತ್ತು. ಪುಣ್ಯಕ್ಕೆ ಶಾಂಭವಮ್ಮ ತಂಗಿಯ ಮನೆಗೆ ಹೋಗಿದ್ದರು. ಅವರು ಬರುವುದಕ್ಕೆ ಇನ್ನು ಮೂರು ದಿನ ಇತ್ತು.

ಡಾಕ್ಟರು ಅದೇ ಗಳಿಗೆಯಲ್ಲಿ ಗ್ಯಾರೇಜಿಗೆ ಓಡಿಸಿದರು. ಕಲೀಮ್ ಸಾಬ್ ಎಂಬ ಪೇಂಟರಿಗೆ ಕೈಮುಗಿಯುವುದೊಂದು ಬಾಕಿ. "ಕಲೀಮಣ್ಣ, ಮನೇಲಿ ಗೊತ್ತಾಗಬಾರ್ದು. ಕಾಯಿ ಬಿದ್ದೇ ಇಲ್ಲ ಅನ್ನೋ ಹಾಗೆ ಮಾಡ್ಕೊಡಪ್ಪ."

"ನಿಮ್ಮನೆಯವ್ರು ಇರ್ಲಿ ಸಾರ್, ಕಂಪನಿಯವ್ರು ಬಂದ್ರೂ ಕಂಡುಹಿಡಿಯಕ್ಕಾಗಲ್ಲ" ಎಂದರು ಕಲೀಮ್ ಸಾಬ್.

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಗುಣಿಯನ್ನು ಒಳಗಿನಿಂದ ಬಡಿದು ಎತ್ತಿದರು. ಪುಟ್ಟಿ ಹಚ್ಚಿ ತಿಕ್ಕಿದರು. ಬಲಗಡೆಯಿಂದ ನಡು ದಾಟಿ ನಾಲ್ಕು ಬೆರಳು ಎಡಕ್ಕೆ ಬಂದು, ಅಲ್ಲಿರುವ ಉಬ್ಬುಗೆರೆಯ ಗುಂಟ, ಆಚೆಗೆ ಬಣ್ಣ ಹಾರದ ಹಾಗೆ ಹಾಳೆ ಅಂಟಿಸಿ ಬಣ್ಣ ಹೊಡೆದರು. ಬಿಳಿಯಲ್ಲಿ ಎಷ್ಟು ಬಿಳಿ ಇವೆಯೆಂದು ಬಲ್ಲವರೇ ಬಲ್ಲರು. ಅದಕ್ಕೆ ಒಂದು ತೊಟ್ಟು ಹಳದಿ, ಇದಕ್ಕೆ ಒಂದು ತೊಟ್ಟು ಕಪ್ಪು ಎಂದು ಅರ್ಧ ದಿನ ಬೆರೆಸಿ ನನ್ನ ಬಿಳಿಯನ್ನೇ ತಂದರು. ಮೇಲೆ ಲ್ಯಾಕರ್ ಹೊಡೆದರು, ತೆಳ್ಳಗೆ, ಒಂದೇ ಕೈ. ಒಲೆಯಲ್ಲಿ ಬೇಯಿಸಲಿಲ್ಲ. ಬಿಸಿಲಿಗೆ ಇಟ್ಟರು. ನೋಡುವುದಕ್ಕೆ ಎರಡೂ ಕಡೆ ಒಂದೇ. ಒಳಗೆ ಮಾತ್ರ ಬಲಗಡೆಯ ಬಣ್ಣ ಮೆದು, ನೀರು ಎಣ್ಣೆ ಯಾವುದು ಬಿದ್ದರೂ ಹೀರಿಕೊಳ್ಳುವ ಜಾತಿ. ಶಾಂಭವಮ್ಮ ಊರಿಂದ ಬಂದು ನನ್ನ ಮುಂದೆಯೇ ನಡೆದು ಒಳಗೆ ಹೋದರು. ಡಾಕ್ಟರು ಉಸಿರು ಬಿಟ್ಟರು. ಆ ಗುಟ್ಟು ತಿಳಿದವರು ಮೂವರೇ, ಡಾಕ್ಟರು, ಕಲೀಮ್ ಸಾಬ್ ಮತ್ತು ನಾನು.

ಹನ್ನೊಂದನೆಯ ವರ್ಷದಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಟಿಪ್ಪರ್ ಬಂದು ಗುದ್ದಿತು. ಒಳಗೆ ಯಾರೂ ಇರಲಿಲ್ಲ. ಡಿಕ್ಕಿ ಹಿಂದಿನ ಸೀಟಿನವರೆಗೆ ಬಂದು ಕೂತಿತು. ಕಾರು ಗುಜರಿಗೆ ಹೋಯಿತು. ನಾನು ಒಂಬತ್ತು ತಿಂಗಳು ಗುಜರಿಯ ಗೋಡೆಗೆ ಒರಗಿ ನಿಂತಿದ್ದೆ. ಆಗ ಬಂದವನು ಲೋಹಿತ.

ಲೋಹಿತನಿಗೆ ಮೂವತ್ತೈದರ ಮೇಲಾಗಿದೆ. ಕಾರು ತೊಳೆಯುವ ಅಂಗಡಿ ಅವನ ಅಕ್ಕ ಸುಗುಣಮ್ಮನದು. ಇವನು ಅಲ್ಲಿ ಅರ್ಧ ಕೆಲಸ ಮಾಡುತ್ತಾನೆ, ಉಳಿದರ್ಧ ಮೊಬೈಲಿನಲ್ಲಿ ಕಾರು ತಿಕ್ಕುವ ವಿಡಿಯೋ ನೋಡುತ್ತಾನೆ. ನನ್ನನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಅಂಗಡಿಗೆ ತಂದು ಅಕ್ಕನಿಗೆ ಘೋಷಿಸಿದ, "ನೋಡಕ್ಕಾ, ಒಂದು ಗುಣಿ ಇಲ್ಲ. ಪೂರ್ತಿ ಫ್ಯಾಕ್ಟರಿ ಬಣ್ಣ."

ಪೂರ್ತಿಯಂತೆ! ಆ ಒಂದು ಪದಕ್ಕೆ ನಾನು ಈಗಲೂ ಅವನನ್ನು ಕ್ಷಮಿಸಿಲ್ಲ.

ನನ್ನನ್ನು ತಂದದ್ದು ಏಕೆಂದರೆ ಆ ಅಂಗಡಿಯಲ್ಲಿ ಪಾಲಿಷ್ ಬಾಟಲಿಗಳ ಜಗಳ ಎದ್ದಿತ್ತು. ಮೊದಲು ಅಲ್ಲಿ ಒಂದು ಕಾರಿಗೆ ಮೂರು ಕೆಲಸ ಮಾಡುತ್ತಿದ್ದರು. ಮೊದಲು ಗೀರು ತೆಗೆಯುವುದು, ಆಮೇಲೆ ಹೊಳಪು ಬರಿಸುವುದು, ಕೊನೆಗೆ ಆ ಹೊಳಪು ಉಳಿಯುವ ಹಾಗೆ ಮೇಣ ಹಚ್ಚುವುದು. ಮೂರಕ್ಕೂ ಸೇರಿ ಒಂದು ದಿನ ಬೇಕು. ಈಗಿನ ಗಿರಾಕಿಗಳಿಗೆ ಒಂದು ದಿನ ಎಲ್ಲಿದೆ? ಟೀ ಕುಡಿದು ಬರುವುದರೊಳಗೆ ಕಾರು ಫಳಫಳ ಎನ್ನಬೇಕು. ಅದಕ್ಕೆಂದೇ ಮೂರೂ ಕೆಲಸ ಒಂದರಲ್ಲೇ ಮಾಡುವ ಬಾಟಲಿಗಳು ಬಂದಿದ್ದವು. ಒಮ್ಮೆ ತಿಕ್ಕಿದರೆ ಗೀರೂ ಹೋಗುತ್ತದೆ, ಹೊಳಪೂ ಬರುತ್ತದೆ, ಮೇಲೊಂದು ರಕ್ಷಣೆಯೂ ಕೂರುತ್ತದೆ ಎಂದು ಎಲ್ಲ ಬಾಟಲಿಗಳ ಮೇಲೂ ಬರೆದಿತ್ತು. ಬರೆಯುವುದಕ್ಕೇನು!

ಮೊದಲ ಸುತ್ತಿನ ಪರೀಕ್ಷೆ ಅಂಗಳದಲ್ಲಿ ಬಿದ್ದಿದ್ದ ಹಳೆಯ ಬಾಗಿಲುಗಳ ಮೇಲೆ ನಡೆಯಿತು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಒಂದು ಬಾಟಲಿಯದು ಸೀಮೆಎಣ್ಣೆ ವಾಸನೆ. ಇನ್ನೊಂದು ನಮ್ಮ ಬಿಸಿಲಿಗೆ ಹಚ್ಚುತ್ತಿದ್ದಂತೆಯೇ ಒಣಗಿ ಗಟ್ಟಿಯಾಯಿತು, ಒರೆಸುವುದಕ್ಕೆ ಇಬ್ಬರು ಬೇಕಾದರು. ಮತ್ತೊಂದು ಸಂದುಗೊಂದುಗಳಲ್ಲಿ ಬಿಳಿ ಪುಡಿ ಬಿಟ್ಟಿತು. ಇನ್ನೊಂದನ್ನು ಹಚ್ಚಿದಾಗ ಗೀರುಗಳೆಲ್ಲ ಮಾಯ, ಎಲ್ಲರಿಗೂ ಖುಷಿ. ಒಂದು ಸಲ ಸೋಪು ಹಾಕಿ ತೊಳೆದರೆ ಅವೇ ಗೀರುಗಳು ಅಲ್ಲೇ. ಗೀರನ್ನು ತೆಗೆದಿರಲಿಲ್ಲ, ಮುಚ್ಚಿತ್ತು ಅಷ್ಟೆ. ಹೀಗೆ ಒಂದೊಂದೇ ಕಳೆದು ಕೊನೆಗೆ ಎರಡು ಉಳಿದವು. ನೀಲಿ ಮುಚ್ಚಳದ್ದು ಲೋಹಿತನ ಆಯ್ಕೆ. ಹಸಿರು ಮುಚ್ಚಳದ್ದು ಓಬಳೇಶಣ್ಣನದು.

ಓಬಳೇಶಣ್ಣನ ಬಗ್ಗೆ ಹೇಳಲೇಬೇಕು. ಐವತ್ತೇಳರ ಮನುಷ್ಯ, ಮೂವತ್ತು ವರ್ಷದಿಂದ ಕಾರು ತಿಕ್ಕುವುದೇ ಅವನ ಕೆಲಸ. ಯಾವ ಕಾರು ಬಂದರೂ ಮೊದಲು ನೀರು ಹಾಕಿ ತೊಳೆಯುತ್ತಾನೆ. ಆಮೇಲೆ ಜೇಬಿನಿಂದ ಒಂದು ತೆಳು ಪ್ಲಾಸ್ಟಿಕ್ ಕವರು ತೆಗೆದು, ಕೈಯನ್ನು ಅದರೊಳಗೆ ತೂರಿಸಿ, ಬಣ್ಣದ ಮೇಲೆ ಮೆಲ್ಲಗೆ ಆಡಿಸುತ್ತಾನೆ. ಬರಿಗೈಗೆ ತಿಳಿಯದ ಮರಳಿನ ಕಣವೂ ಕವರಿನೊಳಗಿನ ಬೆರಳಿಗೆ ತಿಳಿಯುತ್ತದೆ. ಈ ಬಾಗಿಲು ರಿಪೇರಿ ಆಗಿದೆ, ಈ ಬದಿ ಬಿಸಿಲಿಗೆ ನಿಂತಿತ್ತು ಎಂದು ಕಣ್ಣು ಮುಚ್ಚಿ ಹೇಳುವನು. ಗಿರಾಕಿಗಳು ಬೆರಗಾಗುವರು. ನನ್ನನ್ನು ಮೇಜು ಮಾಡಿಕೊಳ್ಳದ ಮೊದಲ ಮನುಷ್ಯ ಅವನು. ಅವನೆಂದರೆ ನನಗೆ ಇಷ್ಟ, ಇದನ್ನು ಮುಚ್ಚಿಡುವುದೇಕೆ?

ಹಸಿರು ಮುಚ್ಚಳದ್ದು ಚೆನ್ನಾಗಿದೆ ಎಂದು ಅವನು ಒಂದು ವರ್ಷ ಉಪಯೋಗಿಸಿ ನೋಡಿ ಹೇಳಿದ್ದ. ಲೋಹಿತ ನಕ್ಕ. "ಅಣ್ಣ, ನೀವು ಹಳೇ ಕಾಲದೋರು. ಇದರ ರಕ್ಷಣೆ ಒಂದೇ ಮಳೆಗೆ ಹೋಗುತ್ತೆ. ನಂದು ಆರು ತಿಂಗಳು ನಿಲ್ಲುತ್ತೆ. ಫೋಟೋ ಸಮೇತ ತೋರಿಸ್ತೀನಿ ಬೇಕಾದ್ರೆ."

ಓಬಳೇಶಣ್ಣ ಜಗಳಗಂಟನಲ್ಲ. ಆದರೆ ಆ ದಿನ ಎಲ್ಲಿಂದ ಬಂತೋ, ಭುಜದ ಮೇಲಿನ ಬಟ್ಟೆ ತೆಗೆದು ಎತ್ತಿ ಹಿಡಿದ. "ಮೂವತ್ತು ವರ್ಷ ಇದೇ ಕೆಲ್ಸ ಮಾಡಿದೀನಿ ಕಣಪ್ಪ. ನನ್ ಬಾಟ್ಲಿ ಸೋತ್ರೆ ಈ ಬಟ್ಟೆ ಇಲ್ಲೇ ಇಟ್ಟು ಹೋಗ್ತೀನಿ. ಮತ್ತೆ ಈ ಕೆಲ್ಸ ಮುಟ್ಟಲ್ಲ."

ಸುಗುಣಮ್ಮ, "ಅಣ್ಣ, ಅಷ್ಟೆಲ್ಲ ಯಾಕೆ" ಎಂದರು. ಆದರೆ ಬೇಡ ಎನ್ನಲಿಲ್ಲ. ಕಣ್ಣಲ್ಲಿ ಕಂಡದ್ದನ್ನು ಮಾತ್ರ ನಂಬುವ ಹೆಂಗಸು ಅವರು. ಇಬ್ಬರ ಮಾತು ಕೇಳಿ ಕೇಳಿ ಅವರಿಗೂ ತಲೆ ಚಿಟ್ಟು ಹಿಡಿದಿತ್ತು.

ಆಕಾಶಕ್ಕೆ ಮುಖಮಾಡಿ ಮಲಗುವ ದೊಡ್ಡ ತಗಡು ಬೇಕೆಂದು ನನ್ನನ್ನು ಡ್ರಮ್ಮಿನ ಮೇಲೆ ಇಟ್ಟರು. ಸರಿಯಾಗಿ ನಡುವೆ, ಗಾಜಿನ ಕಡೆಯಿಂದ ಮುಂದಿನವರೆಗೆ, ಟೇಪು ಎಳೆದರು. ಒಂದು ಬದಿಗೆ ನೀಲಿ, ಒಂದು ಬದಿಗೆ ಹಸಿರು. ನಲವತ್ತು ದಿನ ಬಿಸಿಲು, ಮಳೆ. ದಿನಾ ಬೆಳಿಗ್ಗೆ ಒಂದು ಮಗ್ಗು ನೀರು ಸುರಿದು ನೋಡುವುದು. ನೀರು ಮಣಿಮಣಿಯಾಗಿ ನಿಂತು ಜಾರಿದರೆ ರಕ್ಷಣೆ ಇದೆಯೆಂದು ಅರ್ಥ. ಚಪ್ಪಟೆಯಾಗಿ ಹರಡಿ ಅಂಟಿಕೊಂಡರೆ ಹೋಯಿತೆಂದು ಅರ್ಥ.

"ಅಣ್ಣ, ನೀವು ಹಿರಿಯರು. ಯಾವ ಬದಿ ಬೇಕು, ನೀವೇ ಆರಿಸ್ಕೊಳ್ಳಿ" ಎಂದ ಲೋಹಿತ. ಅದರಲ್ಲಿ ಮೋಸ ಇರಲಿಲ್ಲ. ಅವನಿಗೇನು ಗೊತ್ತಿತ್ತು ಪಾಪ.

ಓಬಳೇಶಣ್ಣ ನನ್ನನ್ನು ನೋಡಿದ. ಎಡಗಡೆಯಲ್ಲಿ ಡಾಕ್ಟರ ಒಣ ಬಟ್ಟೆಯ ಹನ್ನೊಂದು ವರ್ಷದ ಗೀರು. ಬಲಗಡೆ ಬಣ್ಣ ಹೊಡೆದು ಏಳು ವರ್ಷವಾಗಿತ್ತಷ್ಟೆ, ಸ್ವಲ್ಪ ನಯವಾಗಿ ಕಂಡಿತು. ಅದಲ್ಲದೆ ಅವನು ಹೊಸಿಲು ದಾಟುವಾಗಲೂ ಬಲಗಾಲು ಮುಂದಿಡುವ ಮನುಷ್ಯ. ಹೂವು ಕೊಟ್ಟರೆ ಬಲಗೈ, ಕಾರಿಗೆ ನೀರು ಹಾಕುವುದೂ ಬಲಗಡೆಯಿಂದ.

"ಬಲಗಡೆ ನಂದು. ಒಳ್ಳೇದು" ಎಂದ.

ಅಯ್ಯೋ, ಆ ಗಳಿಗೆಯಲ್ಲಿ ನಾನು ಪಟ್ಟ ಪಾಡು! ಕವರು ತೆಗಿ ಓಬಳೇಶಣ್ಣ, ಜೇಬಿಗೆ ಕೈ ಹಾಕು, ಒಂದು ಸಲ ಆಡಿಸಿ ನೋಡು ಎಂದು ಒಳಗೇ ಬಡಿದುಕೊಂಡೆ. ಅವನು ಕವರು ತೆಗೆಯಲಿಲ್ಲ. ಫ್ಯಾಕ್ಟರಿ ಬಣ್ಣ ಎಂದು ಎಲ್ಲರೂ ಒಪ್ಪಿದ್ದರಲ್ಲ. ಪಂತದ ಬಿಸಿಯಲ್ಲಿ ಅವನೂ ಒಪ್ಪಿಬಿಟ್ಟ. ಮೂವತ್ತು ವರ್ಷದಲ್ಲಿ ಅದೊಂದು ದಿನ ಬರಿಗಣ್ಣಿನಿಂದ ನೋಡಿ ಹಸಿರು ಮುಚ್ಚಳ ತಿರುಗಿಸಿದ.

ಮೊದಲ ಹತ್ತು ದಿನ ಎರಡೂ ಕಡೆ ಮಣಿಗಳೇ. ಲೋಹಿತ ಬಗ್ಗಿ ಬಗ್ಗಿ ಫೋಟೋ ತೆಗೆಯುವನು. ಹದಿನೈದನೆಯ ದಿನ ಬಲಗಡೆಯ ಮಣಿಗಳು ದಪ್ಪವಾದವು. ಇಪ್ಪತ್ತೆರಡನೆಯ ದಿನ ಚಪ್ಪಟೆಯಾದವು. ತೆಳು ಲ್ಯಾಕರು ಬಾಟಲಿಯ ರಕ್ಷಣೆಯನ್ನು ಒಳಗೇ ಹೀರಿಕೊಂಡಿತ್ತು. ಯಾವ ಮುಚ್ಚಳದ ಬಾಟಲಿ ಹಚ್ಚಿದ್ದರೂ ಅಲ್ಲಿ ಅಷ್ಟೇ ಆಗುತ್ತಿತ್ತು. ಟೇಪಿನ ಎಡಕ್ಕೂ ನಾಲ್ಕು ಬೆರಳು ಅಗಲ, ಅಂದರೆ ಲೋಹಿತನ ನೀಲಿ ಹಚ್ಚಿದ ಜಾಗದಲ್ಲೂ ನೀರು ಚಪ್ಪಟೆಯಾಗಿಯೇ ಇತ್ತು. ಸುಗುಣಮ್ಮ ಅದನ್ನು ಕಂಡು ಬೆರಳಿಟ್ಟು ತೋರಿಸಿದರು ಕೂಡ.

"ಅದು ಆ ಕಡೆ ನೀರು ಟೇಪು ದಾಟಿ ಬರೋದು ಅಕ್ಕಾ" ಎಂದ ಲೋಹಿತ. "ಅಂಚಿಂದು ಲೆಕ್ಕಕ್ಕಿಲ್ಲ."

ಲೆಕ್ಕಕ್ಕಿಲ್ಲವಂತೆ! ಇದ್ದ ಒಂದೇ ಸಾಕ್ಷಿಯನ್ನು ಅವನು ಒಂದು ಮಾತಿನಲ್ಲಿ ಒರೆಸಿಹಾಕಿದ. ಸುಗುಣಮ್ಮ ಇರಬಹುದು ಎಂದು ತಲೆಯಾಡಿಸಿದರು. ನಾನು ಬಿಸಿಲಿಗೆ ಕಾದು ಟಣ್ ಎಂದು ಸದ್ದು ಮಾಡಿದೆ. ತಗಡು ಅಂದ ಮೇಲೆ ಸದ್ದು ಮಾಡುತ್ತೆ ಎಂದುಕೊಂಡರೇ ಹೊರತು ಯಾರೂ ತಿರುಗಿ ನೋಡಲಿಲ್ಲ.

ನಲವತ್ತನೆಯ ದಿನ ಬೆಳಿಗ್ಗೆ ಸುಗುಣಮ್ಮ ತಾವೇ ಮಗ್ಗು ಹಿಡಿದು ನೀರು ಸುರಿದರು. ಎಡಗಡೆ ಮಣಿ ಜಾರಿದವು. ಬಲಗಡೆ ಒದ್ದೆ ಗೋಣಿಯ ಹಾಗೆ ನೀರು ಕೂತಿತು. ಓಬಳೇಶಣ್ಣ ಮುಂದೆ ಬಂದು ಬಲಗಡೆಗೆ ಅಂಗೈ ಇಟ್ಟ. "ಈ ಬದಿ ಯಾಕೋ ಬೇರೆ ಥರ ಐತೆ" ಎಂದ ಮೆಲ್ಲಗೆ.

"ಅಣ್ಣ, ನೀವೇ ಆರಿಸ್ಕೊಂಡ ಬದಿ ಅಲ್ವಾ?" ಎಂದ ಲೋಹಿತ.

ಓಬಳೇಶಣ್ಣ ಅಂಗೈ ತೆಗೆದ. ಭುಜದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಮೇಲೆ ಇಟ್ಟ, ಟೇಪಿನ ಬಲಕ್ಕೆ. ಸುಗುಣಮ್ಮ, "ಅಣ್ಣ, ಪಂತ ಅಂದ್ಮೇಲೆ ಬಾಯಿಮಾತು, ಬಿಡಿ" ಎಂದು ಹಿಂದೆ ಹೋದರು. ಅವನು ಗೇಟಿನಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, "ಬಾಯಿಮಾತು ಆಡೋದಿಕ್ಕೆ ನಾನೇನು ಬಾಟ್ಲಿ ಮೇಲಿನ ಚೀಟೀನಾ ಅಮ್ಮ?" ಎಂದು ಹೊರಟೇಹೋದ. ಲೋಹಿತನ ಮುಖ ಗೆದ್ದವನ ಮುಖದ ಹಾಗಿರಲಿಲ್ಲ. ಆ ಬಟ್ಟೆಯನ್ನು ಯಾರೂ ಮುಟ್ಟಲಿಲ್ಲ. ಸಂಜೆ ಮಳೆ ಬರುವ ಹಾಗಾದಾಗ ಸುಗುಣಮ್ಮ ಎತ್ತಿ ಒಳಗೆ ಮೊಳೆಗೆ ಹಾಕಿದರು.

ಆಮೇಲೆ ಗಿರಾಕಿಗಳ ಬಾಯಿಂದ ಸುದ್ದಿ ಬಂತು. ಓಬಳೇಶಣ್ಣ ಕ್ಯಾತ್ಸಂದ್ರದ ಒಂದು ಶೆಡ್ಡಿನಲ್ಲಿ ಬಸ್ಸು ತೊಳೆಯುತ್ತಿದ್ದಾನಂತೆ. ಬಸ್ಸಿಗೆ ಪಾಲಿಷ್ ಯಾರು ಹಚ್ಚುತ್ತಾರೆ? ಪೈಪು ಹಿಡಿದು ಕೆಸರು ಬಿಡಿಸುವುದು, ಅಷ್ಟೆ. ಕಣ್ಣು ಮುಚ್ಚಿ ಬಣ್ಣ ಓದುತ್ತಿದ್ದ ಕೈಗೆ ಪೈಪು. ಒಬ್ಬ ಡಾಕ್ಟರು ಹೆಂಡತಿಯ ಬೈಗುಳಕ್ಕೆ ಹೆದರಿದ್ದಕ್ಕೆ ಇನ್ನೊಬ್ಬ ಬಸ್ಸು ತೊಳೆಯಬೇಕಾಯಿತು. ಇದರಲ್ಲಿ ನ್ಯಾಯ ಎಲ್ಲಿದೆ ಎಂದು ಯಾರನ್ನು ಕೇಳಲಿ? ಬೆಳಿಗ್ಗೆ ಕಾಯುವುದು, ಸಂಜೆ ಆರುವುದು, ಎರಡು ಸಲ ಟಣ್ ಎನ್ನುವುದು. ನನ್ನ ಕೈಲಾಗುತ್ತಿದ್ದುದು ಅಷ್ಟೇ.

ಒಂದೂವರೆ ತಿಂಗಳು ಕಳೆದು ಆಯುಧಪೂಜೆ ಬಂತು. ನೀರಿನ ಮೋಟಾರು, ಗಾಳಿ ಯಂತ್ರ, ಬಕೆಟ್ಟು, ಬ್ರಷ್ಷು ಎಲ್ಲವನ್ನೂ ಸಾಲಾಗಿಟ್ಟು ಹೂ ಮುಡಿಸಿದರು. ಸುಗುಣಮ್ಮ, ಲೋಹಿತ ಇಬ್ಬರ ತಾಯಿ ಪುಟ್ಟಗೌರಮ್ಮ ಎಂಬ ಅಜ್ಜಿ ಊರಿಂದ ಬಂದಿದ್ದರು. ನನ್ನನ್ನು ನೋಡಿ, "ಇದ್ಯಾಕೆ ದೂರ ಇಟ್ಟಿದೀರ? ಇದೂ ಕೆಲಸದ ಸಾಮಾನೇ ಅಲ್ವಾ?" ಎಂದು ನನಗೂ ಒಂದು ಸೇವಂತಿಗೆ ಮಾಲೆ ಹಾಕಿಸಿದರು. ಕುಂಬಳಕಾಯಿ ಒಡೆದಾಯಿತು. ಕೊನೆಗೆ ತಟ್ಟೆಯಲ್ಲಿ ಅರಿಶಿನ ಸುಣ್ಣ ಕಲಸಿದ ಕೆಂಪು ನೀರು, ಓಕುಳಿ, ತಂದು ಎಲ್ಲದಕ್ಕೂ ಆರತಿ ಎತ್ತಿದರು. ಅದನ್ನು ಗೇಟಿನ ಮುಂದೆ ಚೆಲ್ಲುವುದು ವಾಡಿಕೆ. ಅಜ್ಜಿ ಗೇಟಿಗೆ ಹೋಗದೆ ನನ್ನ ಹತ್ತಿರ ಬಂದರು.

"ಅಮ್ಮಾ, ಅದರ ಮೇಲೆ ಬೇಡ" ಎಂದ ಲೋಹಿತ.

"ಸುಮ್ನಿರೋ. ನಲವತ್ತು ದಿನ ಮೂರು ಜನ ಕಣ್ಣು ಕೀಲಿಸ್ಕೊಂಡು ನೋಡಿದೀರಂತೆ ಇದನ್ನ. ದೃಷ್ಟಿ ಬಿದ್ದಿರೋದು ಇದಕ್ಕಲ್ದೆ ಇನ್ಯಾವುದಕ್ಕೆ? ಒಬ್ಬ ಒಳ್ಳೆ ಮನುಷ್ಯ ಕೆಲಸ ಬಿಟ್ಟು ಹೋದ ಇದರಿಂದ." ಹಾಗೆಂದು ತಟ್ಟೆಯನ್ನು ನನ್ನ ಮೇಲೆ ಬಗ್ಗಿಸಿಬಿಟ್ಟರು. ಕೆಂಪು ನೀರು ಎಡಕ್ಕೂ ಬಲಕ್ಕೂ ಹರಿಯಿತು. ತೊಳೆಯೋಣವೆಂದರೆ ಪೂಜೆ ಆದ ತಕ್ಷಣ ತೊಳೆಯಬಾರದೆಂದು ಅಜ್ಜಿಯೇ ತಡೆದರು. ನನ್ನನ್ನು ಹಾಗೇ ಶೀಟಿನಡಿ ಎತ್ತಿಟ್ಟು, ಎರಡು ದಿನ ರಜೆ ಎಂದು ಬೀಗ ಹಾಕಿದರು.

ಮೂರನೆಯ ದಿನ ಬೆಳಿಗ್ಗೆ ಲೋಹಿತ ಪೈಪು ಹಿಡಿದು ತೊಳೆದ. ಎಡಗಡೆ ಸುಣ್ಣ ಅರಿಶಿನ ಎಲ್ಲ ಹರಿದುಹೋಗಿ ಹಾಲಿನಷ್ಟು ಬೆಳ್ಳಗಾಯಿತು. ಬಲಗಡೆ ಸೋಪು ಹಾಕಿದರೂ ಹೋಗಲಿಲ್ಲ. ಕಿತ್ತಳೆ ಬಣ್ಣದ ಕಲೆ ಒಳಗಿಳಿದು ಕೂತಿತ್ತು. ಅದು ನಡುವಿನ ಟೇಪಿನ ಹತ್ತಿರ ನಿಲ್ಲಲಿಲ್ಲ. ಟೇಪು ದಾಟಿ ನಾಲ್ಕು ಬೆರಳು ಎಡಕ್ಕೆ ಬಂದು, ಅಲ್ಲಿ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ನಿಂತಿತ್ತು. ಕಲೀಮ್ ಸಾಬರು ಹಾಳೆ ಅಂಟಿಸಿದ ಜಾಗ. ಇಷ್ಟು ವರ್ಷಕ್ಕೆ ನನ್ನ ಮೈ ಒಂದು ಮಾತು ಆಡಿತ್ತು.

ಲೋಹಿತ ಏನು ಮಾಡಿದ ಗೊತ್ತೇ? ನೀಲಿ ಮುಚ್ಚಳ ತಿರುಗಿಸಿ, ಬಟ್ಟೆಗೆ ಹಾಕಿಕೊಂಡು, ಕಲೆ ತಿಕ್ಕುವುದಕ್ಕೆ ಶುರುಮಾಡಿದ! ಓದುವುದಕ್ಕೆ ಮೊದಲೇ ಅಳಿಸುವ ಆತುರ. ಅಯ್ಯಾ ಪುಣ್ಯಾತ್ಮ, ನಿಲ್ಲಿಸೋ ಎಂದು ನಾನು ಎಷ್ಟು ಒದ್ದಾಡಿದರೂ ಅವನ ತೋಳು ನಿಲ್ಲಲಿಲ್ಲ.

"ಲೋಹೀ, ಕೈ ತೆಗಿ" ಎಂದರು ಸುಗುಣಮ್ಮ ಹಿಂದಿನಿಂದ.

ಅವರು ಬಗ್ಗಿದರು. ಟೇಪಿನಿಂದ ಕಲೆಯ ಗೆರೆಯವರೆಗೆ ಬೆರಳಿಟ್ಟು ಅಳೆದರು. "ನಿನ್ನ ಬಾಟ್ಲಿ ಹಚ್ಚಿದ ಕಡೆಯೂ ನಾಲ್ಕು ಬೆರಳು ಹಿಡ್ಕೊಂಡಿದೆ ನೋಡು."

"ಅಂಚಿಂದಕ್ಕ ಅದು..."

"ಯಾವ ಅಂಚೋ? ನಿನ್ನ ಬಾಟ್ಲಿ ಒಳ್ಳೇದಾದ್ರೆ ಟೇಪಿನ ಹತ್ರಾನೇ ಕಲೆ ನಿಲ್ಲಬೇಕು. ಕೆಟ್ಟದಾದ್ರೆ ಪೂರ್ತಿ ಹಿಡೀಬೇಕು. ಮಧ್ಯದಲ್ಲಿ ಇಷ್ಟು ನೇರವಾಗಿ ಗೆರೆ ಎಳೆದೋರು ಯಾರು?" ಅವರು ನೆಟ್ಟಗೆ ನಿಂತರು. "ಬಣ್ಣ ಎರಡು ಕಣೋ. ಬಾಟ್ಲಿ ಅಲ್ಲ ಸೋತಿದ್ದು. ಅಣ್ಣನ್ನ ಸುಮ್ಸುಮ್ನೆ ಕಳಿಸಿಬಿಟ್ವಿ."

ಲೋಹಿತ ಉಗುರಿನಿಂದ ಗೆರೆಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಗೀಚಿ ನೋಡಿದ. ಬಲಗಡೆ ಗೀರು ಉಳಿಯಿತು. ಅವನು ನೀಲಿ ಮುಚ್ಚಳ ಮುಚ್ಚಿ ಬಾಟಲಿಯನ್ನು ನೆಲದ ಮೇಲಿಟ್ಟ.

ಓಬಳೇಶಣ್ಣನಿಗೆ ಫೋನು ಮಾಡಿದರೆ, "ಈಗ ಆ ಮಾತೆಲ್ಲ ಬೇಡಮ್ಮ, ಕೆಲಸದಲ್ಲಿದೀನಿ" ಎಂದು ಇಟ್ಟುಬಿಟ್ಟ. ಎರಡನೆಯ ಸಲ ಎತ್ತಲೇ ಇಲ್ಲ. ಅರಿಶಿನದ ಕಲೆ ಬಿಸಿಲಿಗೆ ಇಟ್ಟರೆ ಮಾಸುತ್ತದೆ, ಅದು ನನಗೂ ಗೊತ್ತು, ಸುಗುಣಮ್ಮನಿಗೂ ಗೊತ್ತು. "ಅವ್ರು ಬರಲ್ಲ ಅಂದ್ರೆ ಇದನ್ನೇ ತಗೊಂಡು ಹೋಗೋಣ" ಎಂದರು. ಗೂಡ್ಸ್ ಆಟೋ ತರಿಸಿ, ನನ್ನ ಮೇಲೆ ಹಳೆಯ ಸೀರೆ ಹೊದಿಸಿ, ಹಿಂದೆ ನಿಲ್ಲಿಸಿದರು. ಬೀಳದ ಹಾಗೆ ಲೋಹಿತ ದಾರಿಯುದ್ದಕ್ಕೂ ತಬ್ಬಿಕೊಂಡು ನಿಂತಿದ್ದ. ಎಷ್ಟೋ ದಿನದ ಮೇಲೆ ರಸ್ತೆಯ ಗಾಳಿ ಬಡಿಯಿತು. ಬೇರೆ ದಿನವಾಗಿದ್ದರೆ ಸಂತೋಷಪಡುತ್ತಿದ್ದೆ. ಆ ದಿನ ಹೆದರಿಕೆಯೇ ಹೆಚ್ಚು. ನೋಡುವುದಿಲ್ಲ ಎಂದುಬಿಟ್ಟರೆ?

ಶೆಡ್ಡಿನಲ್ಲಿ ಓಬಳೇಶಣ್ಣ ಮೊಣಕಾಲವರೆಗೆ ಪ್ಯಾಂಟು ಮಡಿಚಿ ಬಸ್ಸಿನ ಚಕ್ರಕ್ಕೆ ನೀರು ಹೊಡೆಯುತ್ತಿದ್ದ. ನಮ್ಮನ್ನು ಕಂಡೂ ಕಾಣದವನ ಹಾಗೆ ಇನ್ನೊಂದು ಚಕ್ರಕ್ಕೆ ಹೋದ.

"ಮಾತಾಡೋಕೆ ಬಂದಿಲ್ಲ ಅಣ್ಣ" ಎಂದರು ಸುಗುಣಮ್ಮ. "ನೋಡಿ ಅಂತ ತಂದಿದೀವಿ. ನೋಡಿಬಿಡಿ, ಹೋಗ್ತೀವಿ." ಸೀರೆ ಸರಿಸಿದರು.

ಅವನು ಪೈಪು ಹಿಡಿದೇ ತಿರುಗಿದ. ಕಣ್ಣು ಕಲೆಯ ಮೇಲೆ ಹೋಯಿತು, ಗೆರೆಯ ಗುಂಟ ಮೇಲಿಂದ ಕೆಳಕ್ಕೆ ಇಳಿಯಿತು. ಪೈಪಿನ ನೀರು ಅವನ ಕಾಲಮೇಲೆಯೇ ಹರಿಯುತ್ತಿತ್ತು. ಹತ್ತಿರ ಬಂದು ಒದ್ದೆ ಹೆಬ್ಬೆರಳನ್ನು ಗೆರೆಯ ಮೇಲೆ ಇಟ್ಟ.

"ಎರಡು ಬಣ್ಣ" ಎಂದ. ಹೆಬ್ಬೆರಳನ್ನು ಗೆರೆಯುದ್ದಕ್ಕೂ ಎಳೆದು, "ಯಾರು ಬಳಿದ್ರೋ, ಕೆಲ್ಸ ಚೆನ್ನಾಗೈತೆ" ಎಂದ.

"ಫ್ಯಾಕ್ಟರಿ ಬಣ್ಣ ಅಂತ ಹೇಳಿದ್ದು ನಾನಣ್ಣ" ಎಂದ ಲೋಹಿತ. "ತಪ್ಪಾಯ್ತು."

"ನೀನು ಹೇಳಿದ್ರೆ ನಾನು ಯಾಕೆ ನಂಬಬೇಕಿತ್ತು? ಕವರ್ ಹಾಕ್ದೆ ಯಾವತ್ತೂ ಬಣ್ಣ ಮುಟ್ಟಿದೋನಲ್ಲ. ಅವತ್ತೊಂದಿನ ಜಂಬ ಮಾಡ್ದೆ." ಹಾಗೆಂದು ಪೈಪು ಕೆಳಗೆ ಬಿಟ್ಟು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. ನೀರೋ ಕಣ್ಣೀರೋ ನಾನು ಹೇಳಲಾರೆ. ಒಂದೂವರೆ ತಿಂಗಳು ತನ್ನ ಕೈಯನ್ನೇ ಅನುಮಾನಿಸಿದ್ದ ಮನುಷ್ಯ ಅವನು. ಬಸ್ಸು ತೊಳೆದು ಮುಗಿಸಿ ಅವನು ನಮ್ಮ ಜೊತೆ ಆಟೋ ಹತ್ತಿದ, ಒಂದು ಷರತ್ತಿನ ಮೇಲೆ. ಪರೀಕ್ಷೆ ಮತ್ತೆ ಆಗಬೇಕು, ಎರಡು ಬಾಟಲಿಯೂ ಎಡಗಡೆಯಲ್ಲಿ.

ಅಂಗಡಿಯಲ್ಲಿ ಮೊಳೆಗೆ ನೇತಾಡುತ್ತಿದ್ದ ಬಟ್ಟೆಯನ್ನು ತೆಗೆದು ಮೂಸಿ ನೋಡಿ, "ಒಗೀಬೇಕು" ಎಂದ. ಮಾರನೆಯ ದಿನ ಅದು ಅವನ ಭುಜದ ಮೇಲಿತ್ತು.

ಮತ್ತೆ ಟೇಪು, ಮತ್ತೆ ಮಗ್ಗು, ಮತ್ತೆ ನಲವತ್ತು ದಿನ. ನನ್ನ ಎಡಗಡೆಯ ಗಟ್ಟಿ ಬಣ್ಣವನ್ನು ಎರಡು ಪಾಲು ಮಾಡಿ ಒಂದಕ್ಕೆ ನೀಲಿ, ಒಂದಕ್ಕೆ ಹಸಿರು. ಫಲಿತಾಂಶ ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ. ನಲವತ್ತನೆಯ ದಿನ ಎರಡು ಕಡೆಯೂ ಒಂದೇ ಥರದ ಮಣಿ. ಐವತ್ತನೆಯ ದಿನಕ್ಕೂ ಹಾಗೇ. ಅರವತ್ತಕ್ಕೆ ಎರಡೂ ಒಟ್ಟಿಗೆ ಚಪ್ಪಟೆ. ನೀಲಿ ಹಸಿರಿನಲ್ಲಿ ಇದ್ದ ವ್ಯತ್ಯಾಸ ಮುಚ್ಚಳದ್ದು ಮಾತ್ರ. ಇದಕ್ಕಾಗಿ ಒಬ್ಬ ಬಸ್ಸು ತೊಳೆದ, ಒಬ್ಬ ತಲೆತಗ್ಗಿಸಿದ, ನಾನು ನೂರು ದಿನ ಬಿಸಿಲಿಗೆ ಬೆಂದೆ. ಸುಗುಣಮ್ಮ ಖಾಲಿ ಮಗ್ಗು ಹಿಡಿದು ಇಬ್ಬರ ಮುಖವನ್ನೂ ನೋಡಿದರು. ಮೊದಲು ನಕ್ಕವನು ಓಬಳೇಶಣ್ಣ. ನಗು ತಡೆಯಲಾರದೆ ಡ್ರಮ್ಮು ಹಿಡಿದುಕೊಂಡ.

ಈಗ ನನಗೆ ವಯಸ್ಸಾಯಿತು. ಅಂಚುಗಳಲ್ಲಿ ತುಕ್ಕು ಕಾಣಿಸಿದೆ. ಅರಿಶಿನದ ಕಲೆ ಬಿಸಿಲಿಗೆ ಪೂರ್ತಿ ಹೋಗಿದೆ. ಎಡಗಡೆ ಬಿಳಿ, ಬಲಗಡೆ ಬಿಳಿ, ನಡುವೆ ಗೆರೆಯಿದ್ದ ಗುರುತೇ ಇಲ್ಲ. ನನ್ನ ಒಂದೇ ಮಾತು ಅಳಿಸಿಹೋಯಿತಲ್ಲ ಎಂದು ಎಷ್ಟೋ ದಿನ ಕೊರಗಿದೆ.

ಮೊನ್ನೆ ಲೋಹಿತ ಹೊಸ ಬಾಟಲಿಯೊಂದನ್ನು ತಂದ. ಕೆಂಪು ಮುಚ್ಚಳ. ಇದು ಒಂದು ವರ್ಷ ನಿಲ್ಲುತ್ತದಂತೆ. ಕೈಯಲ್ಲಿ ಟೇಪಿನ ಸುರುಳಿ ನೋಡಿದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ಮತ್ತೆ ಶುರುವಾಯಿತು ಎಂದುಕೊಂಡೆ. ಆದರೆ ಅವನು ಟೇಪು ಅಂಟಿಸಲಿಲ್ಲ. ಒಳಗೆ ಹೋಗಿ ಒಂದು ತೆಳು ಪ್ಲಾಸ್ಟಿಕ್ ಕವರು ತಂದು ಓಬಳೇಶಣ್ಣನ ಮುಂದೆ ಹಿಡಿದ.

"ಮೊದ್ಲು ನೀವು ಕೈಯಾಡ್ಸಿ ಅಣ್ಣ. ಆಮೇಲೆ ಟೇಪು."

ಓಬಳೇಶಣ್ಣ ಕವರಿನೊಳಗೆ ಕೈ ತೂರಿಸಿ ಕಣ್ಣು ಮುಚ್ಚಿದ. ಎಡ ಅಂಚಿನಿಂದ ಮೆಲ್ಲಗೆ ಬಂದ. ಡಾಕ್ಟರ ಗೀರುಗಳನ್ನು ದಾಟಿದ, ಹಳೆಯ ಟೀ ಲೋಟದ ಸುತ್ತುಗುರುತನ್ನು ದಾಟಿದ. ಉಬ್ಬುಗೆರೆಯ ಹತ್ತಿರ ಬೆರಳು ನಿಂತಿತು. ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಅಲ್ಲೇ ನಿಂತಿತು.

"ಇಲ್ಲಿಂದ ಆಚೆ ಬೇರೆ ಬಣ್ಣ" ಎಂದ.

ನಾನು ಇಷ್ಟು ವರ್ಷ ಹೇಳಲು ಒದ್ದಾಡಿದ್ದು ಅಷ್ಟೇ ಮಾತು. ಲೋಹಿತ ಏನೂ ಕೇಳದೆ, ಅವನ ಬೆರಳಿದ್ದ ಜಾಗಕ್ಕೇ ಟೇಪು ಅಂಟಿಸಿದ.